ಸಿಂಗಳೀಕನ ನಾಡಿನಲ್ಲಿ ಒಂದು ಹಗಲು

ವನ್ಯಮೃಗಗಳನ್ನು ಕಣ್ತುಂಬ ಕಾಣಬೇಕಾದರೆ ಆಫ್ರಿಕಕ್ಕೇ ಹೋಗಬೇಕೆಂಬ ನಂಬಿಕೆ ನಮ್ಮವರಲ್ಲಿ ಬಹುಕಾಲದಿಂದ ಬೇರೂರಿದೆ. ಈ ನಂಬಿಕೆಗೆ ಆಧಾರವಿಲ್ಲವೆನ್ನುವಂತಿಲ್ಲ. ಕೀನ್ಯ ದೇಶದಲ್ಲಿ 1961ರಲ್ಲಿ ರಕ್ಷಿತ ಪ್ರದೇಶವಾದ ಮಸಾಯಿ ಮಾರಾ ಸುಮಾರು 1,510 ಚದರ ಕಿಲೋಮೀಟರುಗಳಷ್ಟು ಹರಡಿದ ಹುಲ್ಲುಗಾವಲು. ದಿಗಂತದವರೆಗೆ ಕಣ್ಣಿಗೆ ಅಡ್ಡಿಯಿಲ್ಲ. ಅಲ್ಲೊಂದು ಇಲ್ಲೊಂದು ಜಾಲಿಯ ಜಾತಿಯ ಮರ. ತೆರೆದ ಮೋಟಾರಿನಲ್ಲಿ ಕುಳಿತವನಿಗೆ ಸಿಂಹ, ಜಿರಾಫೆ, ಪಟ್ಟೆಕುದುರೆ, ಉಷ್ಟ್ರಪಕ್ಷಿಗಳು ಜಾತ್ರೆಯ ಮೆರವಣಿಗೆಯಂತೆ ಗೋಚರಿಸುತ್ತವೆ. ಜುಲೈಯಿಂದ ಅಕ್ಟೋಬರಿನವರೆಗೆ ದಕ್ಷಿಣದ ಸೆರೆಂಗೆಟಿಯಿಂದ ಲಕ್ಷಗಟ್ಟಲೆ ವಿಲ್ಡೆಬೀಸ್ಟ್‌ಗಳು ಮಾರಾ ನದಿಯನ್ನು ದಾಟಿ ಬರುವ ದೃಶ್ಯವಂತೂ ಭೂಮಂಡಲದಲ್ಲಿ ಮತ್ತೆಲ್ಲಿಯೂ ಕಾಣಸಿಗದು. 'ಸಫಾರಿ' ಎಂಬ ಸ್ವಾಹಿಲಿ ಮಾತಿಗೆ ಮೂಲದಲ್ಲಿ ಬರಿಯ 'ಪ್ರಯಾಣ' ಎಂದಷ್ಟೇ ಅರ್ಥ. ಇಂದು ಅದು ಮೃಗದರ್ಶನಕ್ಕೆ ಪರ್ಯಾಯಪದವೇ ಆಗಿಬಿಟ್ಟಿದೆ.

ಅಂತಹ ಮಾರಾದಲ್ಲಿ ಎರಡು ದಿನ ಕಳೆದು, ಕಂಡ ಪ್ರಾಣಿಗಳ ಹೆಸರುಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದುಕೊಂಡಿದ್ದ ಹನ್ನೊಂದು ವರ್ಷದ ಬಾಲಕನೊಬ್ಬ, ನೈರೋಬಿಯಲ್ಲಿ ಉದ್ಯೋಗದಲ್ಲಿರುವ ತನ್ನ ತಂದೆತಾಯಿಗಳೊಡನೆ ಡಿಸೆಂಬರ್ ರಜೆಗೆಂದು ಶಿರೂರಿಗೆ ಬಂದನು. ಉಡುಪಿ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಭಟ್ಕಳಕ್ಕೆ ತಾಗಿಕೊಂಡಂತಿರುವ ಊರು ಅದು. ಒಂದು ಕಡೆಗೆ ಅರಬ್ಬೀ ಸಮುದ್ರ, ಇನ್ನೊಂದು ಕಡೆಗೆ ಸಹ್ಯಾದ್ರಿ. ಘಟ್ಟವು ಕಡಲಿಗೆ ಇಷ್ಟು ಸಮೀಪಕ್ಕೆ ಬರುವುದು ಕರಾವಳಿಯಲ್ಲಿ ಅಪರೂಪವೇ. "ಇಲ್ಲಿ ಏನೇನು ಪ್ರಾಣಿಗಳಿವೆ ಅಜ್ಜಯ್ಯ?" ಎಂದು ಬಾಲಕ ಕೇಳಿದನು. ನಿವೃತ್ತ ಶಾಲಾಮಾಸ್ತರರಾದ ಅಜ್ಜಯ್ಯ ಉತ್ತರವನ್ನು ಬಾಯಲ್ಲಿ ಹೇಳದೆ, ಅರಣ್ಯ ಇಲಾಖೆಯ ಅನುಮತಿ ಪಡೆದುಕೊಂಡು ಬಂದು, "ನಾಳೆ ಬೆಳಗ್ಗೆ ಐದಕ್ಕೆ ಏಳು" ಎಂದರು.

ಮೃಗದರ್ಶನಕ್ಕೆ ಕಾಡಿಗೇ ಹೋಗಬೇಕಾಗಿಲ್ಲವೆಂಬುದು ಮನೆಯಂಗಳದಲ್ಲಿಯೇ ಸ್ಪಷ್ಟವಾಯಿತು. ಇನ್ನೂ ಕತ್ತಲಿರುವಾಗಲೇ ಮುರಕಲ್ಲಿನ ಬಯಲಿನ ಕಡೆಯಿಂದ ನರಿಗಳ ಊಳು ಕೇಳಿಸಿತು. ಅದು ನಿಲ್ಲುತ್ತಲೇ ಹಾಡಿಯಿಂದ ನವಿಲು ಕೂಗಿತು. ಹಿಂದೆ ಘಟ್ಟದ ತಪ್ಪಲಿನಲ್ಲಿ ಮಾತ್ರ ಕಾಣುತ್ತಿದ್ದ ನವಿಲು ಈಚಿನ ವರ್ಷಗಳಲ್ಲಿ ಕರಾವಳಿಯ ಗದ್ದೆಗಳಿಗೆಲ್ಲ ಇಳಿದಿದೆ. ನವಿಲೆಂದರೆ ಮಕ್ಕಳಿಗೆ ಹಿಗ್ಗು, ತರಕಾರಿ ಬೆಳೆಯುವವರಿಗೆ ತಲೆನೋವು. ಬೈಂದೂರಿಗೆ ಹೋಗುವ ದಾರಿಯಲ್ಲಿ ಒತ್ತಿನೆಣೆಯ ಗುಡ್ಡ ಸಿಗುತ್ತದೆ. ಅಲ್ಲಿ ಅರೆಗಳಿಗೆ ನಿಂತಾಗ ಕೆಳಗೆ ಕಡಲು ಬೂದುಬಣ್ಣಕ್ಕೆ ತಿರುಗಿತ್ತು. ಗಾಳಿಯಲ್ಲಿ ರೆಕ್ಕೆ ಬಿಚ್ಚಿದ ಗರುಡ ಪಕ್ಷಿಯೊಂದು ತೇಲುತ್ತಿತ್ತು. ಬಾಲಕ ಪುಸ್ತಕ ತೆರೆದು ಮೂರು ಹೆಸರುಗಳನ್ನು ಬರೆದನು. ಆದರೆ ಅವುಗಳಲ್ಲಿ ಎರಡನ್ನು ಅವನು ನೋಡಿರಲಿಲ್ಲ, ಕೇಳಿದ್ದನಷ್ಟೆ. ಸ್ವಲ್ಪ ಯೋಚಿಸಿ ಪುಟದ ನಡುವೆ ಗೆರೆ ಎಳೆದು, ಒಂದು ಕಡೆ 'ಕಂಡದ್ದು' ಎಂದೂ ಇನ್ನೊಂದು ಕಡೆ 'ಕೇಳಿದ್ದು' ಎಂದೂ ಬರೆದುಕೊಂಡನು. ಮಾರಾದ ಪುಟಗಳಲ್ಲಿ ಈ ಗೆರೆಯ ಅವಶ್ಯಕತೆಯೇ ಬಿದ್ದಿರಲಿಲ್ಲ.

ಬೈಂದೂರಿನಿಂದ ರಾಣೆಬೆನ್ನೂರಿಗೆ ಹೋಗುವ ಹೆದ್ದಾರಿ ಪೂರ್ವಾಭಿಮುಖವಾಗಿ ಕೊಲ್ಲೂರನ್ನು ಹಾದು ಘಟ್ಟವನ್ನೇರುತ್ತದೆ. ಗೋಳಿಹೊಳೆಯನ್ನು ದಾಟುತ್ತಲೇ ತೆಂಗು ಅಡಕೆಗಳು ಹಿಂದೆ ಸರಿದು ಕಾಡು ರಸ್ತೆಯ ಎರಡೂ ಬದಿಗೆ ಒತ್ತಿಕೊಂಡು ಬರುತ್ತದೆ. ಇದು ಮೂಕಾಂಬಿಕಾ ವನ್ಯಜೀವಿಧಾಮ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಎರಡೇ ವರ್ಷಗಳಲ್ಲಿ, ಅಂದರೆ 1974ರಲ್ಲಿ, 247 ಚದರ ಕಿಲೋಮೀಟರುಗಳಷ್ಟು ಕಾಡನ್ನು ದೇವಿಯ ಹೆಸರಿನಲ್ಲಿ ಕಾಯ್ದಿರಿಸಲಾಯಿತು. ಮುಂದೆ ಅದನ್ನು ವಿಸ್ತರಿಸಿ ಸುಮಾರು 370 ಚದರ ಕಿಲೋಮೀಟರುಗಳನ್ನಾಗಿ ಮಾಡಲಾಗಿದೆ. ಸೌಪರ್ಣಿಕೆ ಮತ್ತು ಚಕ್ರಾ ನದಿಗಳು ಈ ಕಡೆಯ ಕಾಡುಗಳ ನೀರನ್ನೇ ಹೊತ್ತು ಕಡಲಿಗಿಳಿಯುತ್ತವೆ. ಕೊಲ್ಲೂರಿಗೆ ಬರುವ ಯಾತ್ರಿಕರು ಸೌಪರ್ಣಿಕೆಯಲ್ಲಿ ಮುಳುಗೆದ್ದು ದೇವಿಯ ದರ್ಶನಕ್ಕೆ ಹೋಗುತ್ತಾರೆ. ಸುಪರ್ಣನೆಂದರೆ ಗರುಡ, ಅವನು ತಪಸ್ಸು ಮಾಡಿದ ತೀರವೆಂದು ನದಿಗೆ ಆ ಹೆಸರು. ತಾವು ಮುಳುಗಿದ ನೀರು ಯಾವ ಮರದ ಬುಡದಿಂದ ಬಂತೆಂದು ಕೇಳುವ ಯಾತ್ರಿಕರು ವಿರಳ.

ಮೊದಲು ಎದುರಾದವು ಮಂಗಗಳು. ತಿರುವಿನ ಕಟ್ಟೆಯ ಮೇಲೆ ಸಾಲಾಗಿ ಕುಳಿತು, ಬರುವ ವಾಹನಗಳನ್ನೆಲ್ಲ ತೆರಿಗೆ ವಸೂಲಿಯವರ ಗತ್ತಿನಿಂದ ನಿರೀಕ್ಷಿಸುತ್ತಿದ್ದವು. ಯಾತ್ರಿಕರು ಪುಣ್ಯವೆಂದು ಬಾಳೆಹಣ್ಣು ಎಸೆಯುತ್ತಾರೆ. ಮಂಗ ಕಾಡಿನಲ್ಲಿ ಹಣ್ಣು ಹುಡುಕುವ ಶ್ರಮವನ್ನು ಬಿಟ್ಟು ರಸ್ತೆಯ ಬದಿಯಲ್ಲಿ ಸಂಸಾರ ಹೂಡುತ್ತದೆ. ಕೊನೆಗೊಂದು ದಿನ ಚಕ್ರದಡಿಗೆ ಬೀಳುತ್ತದೆ. ಪುಣ್ಯ ಯಾರ ಲೆಕ್ಕಕ್ಕೆ ಹೋಯಿತೆಂದು ಹೇಳುವುದು ಕಷ್ಟ.

ಅರಣ್ಯ ಇಲಾಖೆಯ ಕಾವಲುಗಾರರೊಬ್ಬರು ನಿಗದಿಯಾದ ಸ್ಥಳದಲ್ಲಿ ಕಾದಿದ್ದರು. ನಲವತ್ತೈದರ ಆಸುಪಾಸಿನ ಆ ಗೃಹಸ್ಥರು ಎಲ್ಲರ ಉಡುಪನ್ನೂ ಒಮ್ಮೆ ಪರೀಕ್ಷಿಸಿ, ಬಾಲಕನ ಷರಾಯಿಯ ತುದಿಯನ್ನು ಕಾಲುಚೀಲದೊಳಗೆ ಸೇರಿಸುವಂತೆ ಹೇಳಿದರು. ಡಿಸೆಂಬರಿನಲ್ಲಿ ಉಂಬಳದ ಕಾಟವಿಲ್ಲ, ಆದರೆ ಉಣ್ಣಿಯ ಕಾಲ ಆರಂಭವಾಗುತ್ತದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು ಬಿದ್ದು, ಅವುಗಳ ಹಿಂದೆಯೇ ಜನರೂ ಜ್ವರಕ್ಕೆ ತುತ್ತಾದಾಗ ಗುರುತಿಸಲ್ಪಟ್ಟ ಮಂಗನ ಕಾಯಿಲೆಯನ್ನು ಹರಡುವುದು ಈ ಸಣ್ಣ ಉಣ್ಣಿಯೇ. ರೋಗ ಅಂದಿನಿಂದ ಘಟ್ಟದ ಉದ್ದಕ್ಕೂ ಹಲವು ಜಿಲ್ಲೆಗಳಲ್ಲಿ ಕಾಣಿಸಿಕೊಂಡಿದೆ. ಕಾಡಿನಲ್ಲಿ ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಮಾರಾದ ಸಿಂಹಕ್ಕಿಂತ ಈ ಎಳ್ಳುಕಾಳಿನ ಗಾತ್ರದ ಪ್ರಾಣಿಗೆ ಹೆದರುವುದು ವಿವೇಕವೆಂದು ತಿಳಿದು ಬಾಲಕನಿಗೆ ಸ್ವಲ್ಪ ನಿರಾಶೆಯೇ ಆಯಿತು.

ಕಾಡಿಗೆ ಹೋಗುವ ಮೊದಲು ದಾರಿ ಒಂದು ಅಡಕೆತೋಟದ ಅಂಚಿನಲ್ಲಿ ಹಾಯುತ್ತದೆ. ಅಲ್ಲಿ ಕಾವಲುಗಾರರು ಒಂದು ಅಡಕೆಮರದ ಕಾಂಡವನ್ನು ತೋರಿಸಿದರು. ಎಷ್ಟು ನೋಡಿದರೂ ಅಲ್ಲಿ ಮರದ ತೊಗಟೆಯ ಹೊರತು ಬೇರೇನೂ ಕಾಣದು. ಎರಡು ನಿಮಿಷ ಕಳೆದ ಮೇಲೆ ತೊಗಟೆಯ ಒಂದು ತುಂಡು ಗಂಟಲಿನಿಂದ ಹಳದಿ ಬಾವುಟವೊಂದನ್ನು ಹೊರಚಾಚಿ ಒಳಗೆಳೆದುಕೊಂಡಿತು. ಹಾರುವ ಓತಿ! ಪಕ್ಕೆಲುಬುಗಳು ಎರಡೂ ಬದಿಗೆ ಕೊಡೆಯ ಕಡ್ಡಿಗಳಂತೆ ಬಿಚ್ಚಿಕೊಂಡು ಅವುಗಳ ಮೇಲಿನ ಚರ್ಮ ರೆಕ್ಕೆಯಾಗುತ್ತದೆ. ಒಂದು ಮರದ ಎತ್ತರದಿಂದ ಇನ್ನೊಂದರ ಬುಡಕ್ಕೆ ತೇಲಿ ಇಳಿಯುತ್ತದೆ. 1980ರಲ್ಲಿ ಪ್ರಕಟವಾದ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಕಾದಂಬರಿಯನ್ನು ಓದಿದವರಿಗೆ ಈ ಓತಿಯ ಪರಿಚಯ ಬೇಕಾಗಿಲ್ಲ. ಕಾದಂಬರಿಯಲ್ಲಿ ಒಂದು ತಂಡವೇ ಅದನ್ನು ಅರಸಿಕೊಂಡು ಕಾಡು ಸುತ್ತುತ್ತದೆ. ಬಾಲಕನ ತಾಯಿ ಆ ಪುಸ್ತಕವನ್ನು ಕಾಲೇಜಿನಲ್ಲಿ ಓದಿದ್ದವರು, ಓತಿಯನ್ನು ಕಂಡದ್ದು ಅಂದೇ ಮೊದಲು. ಅವರು ಅಲ್ಲಿಂದ ಕದಲಲು ಒಪ್ಪಲಿಲ್ಲ. ಓತಿ ಹಾರಿತು. ಕ್ಷಣಮಾತ್ರದ ಹಾರಾಟ, ಯಾರ ಕ್ಯಾಮೆರಾಕ್ಕೂ ಸಿಗಲಿಲ್ಲ.

ಒಳಗೆ ಕಾಲಿಟ್ಟ ಮೇಲೆ ಬೆಳಕೇ ಬದಲಾಯಿತು. ಮರಗಳ ನೆತ್ತಿಗಳು ಒಂದಕ್ಕೊಂದು ಹೆಣೆದುಕೊಂಡು ಸೂರ್ಯನನ್ನು ಚೂರುಚೂರಾಗಿ ಮಾತ್ರ ಕೆಳಗೆ ಬಿಡುತ್ತವೆ. ಹತ್ತು ಮಾರು ದೂರದಲ್ಲಿ ಆನೆಯಷ್ಟು ದೊಡ್ಡ ಪ್ರಾಣಿ ನಿಂತರೂ ಕಾಣಿಸದು. ಬಾಲಕನ ತಂದೆ ಮಾರಾದಲ್ಲಿ ಉಪಯೋಗಿಸಿದ ದುರ್ಬೀನನ್ನು ಕಣ್ಣಿಗೇರಿಸಿ ನಾಲ್ಕೂ ದಿಕ್ಕಿಗೆ ತಿರುಗಿಸಿದರು. ಎಲೆಗಳ ಹೊರತು ಏನೂ ಇಲ್ಲ. ಕಾವಲುಗಾರರು ಮೆಲ್ಲಗೆ ನಕ್ಕು, "ಕಾಂಬುದ್ ಆಮೇಲೆ. ಮೊದ್ಲ್ ಕೇಣಿ" ಎಂದರು.

ಕೇಳಿಸಿಕೊಳ್ಳುವುದಕ್ಕೆ ಕುಳಿತ ಮೇಲೆ ಕಾಡು ತಾನಾಗಿಯೇ ತೆರೆದುಕೊಂಡಿತು. ಹೊಳೆಯ ಬದಿಯಲ್ಲಿ ಯಾರೋ ಶಾಲೆ ತಪ್ಪಿಸಿಕೊಂಡ ಹುಡುಗ ಗೊತ್ತುಗುರಿಯಿಲ್ಲದೆ ಸಿಳ್ಳೆ ಹಾಕುತ್ತಿರುವಂತೆ ಸಿಳ್ಳಾರ ಹಕ್ಕಿ. ಮೇಲಿನ ಕೊಂಬೆಗಳಲ್ಲಿ ಕೆಂದಳಿಲು ಕಟಕಟನೆ ಸದ್ದು ಮಾಡಿತು. ಅದರ ಬಾಲ ಮೈಗಿಂತಲೂ ಉದ್ದ, ಬಣ್ಣ ಮಾಗಿದ ಹುಣಿಸೆಹಣ್ಣಿನದು. ಆಮೇಲೆ ಉಗಿಯಂತ್ರವೊಂದು ತಲೆಯ ಮೇಲೆ ಹಾದುಹೋದ ಹಾಗೆ ಒಂದು ಭಾರಿ ಶಬ್ದ. ಅದು ದೊಡ್ಡ ಮಂಗಟ್ಟೆ ಹಕ್ಕಿಯ ರೆಕ್ಕೆಯ ಬಡಿತ. ಈ ಹಕ್ಕಿಯ ದಾಂಪತ್ಯದ ಕಥೆ ಗೃಹಿಣಿಯರು ಮೆಚ್ಚುವಂತಹುದು: ಹೆಣ್ಣು ಮರದ ಪೊಟರೆಯೊಳಗೆ ಹೋಗಿ ಬಾಗಿಲನ್ನು ಮುಚ್ಚಿಕೊಂಡು ಮೊಟ್ಟೆಗಳ ಮೇಲೆ ಕೂರುತ್ತದೆ, ಒಂದು ಸಣ್ಣ ಸೀಳಿನ ಮೂಲಕ ಗಂಡು ವಾರಗಟ್ಟಲೆ ಹಣ್ಣುಗಳನ್ನು ತಂದು ಉಣಿಸುತ್ತದೆ. ಆ ಅವಧಿಯಲ್ಲಿ ಗಂಡು ಬೇಟೆಗಾರನ ಗುಂಡಿಗೆ ಬಲಿಯಾದರೆ, ಗೂಡಿನೊಳಗಿನ ಸಂಸಾರದ ಗತಿಯೇನೆಂಬುದನ್ನು ಊಹಿಸಬಹುದು. ಅಷ್ಟು ದೊಡ್ಡ ಪೊಟರೆ ಎಳೆಯ ಮರದಲ್ಲಿ ಇರಲಾರದು. ಮುದಿಮರ ಉಳಿದರೆ ಮಾತ್ರ ಮಂಗಟ್ಟೆ ಉಳಿಯುತ್ತದೆ.

ಒಂದು ತಿರುವಿನಲ್ಲಿ ಕಾಡುಕೋಣದ ಗೊರಸುಗಳು, ಪಕ್ಕದಲ್ಲಿ ಇನ್ನೂ ಹಸಿಯಾದ ಸಗಣಿ. ಗುಂಪು ಬಹುಶಃ ಅರ್ಧ ಗಂಟೆಯ ಹಿಂದೆಯಷ್ಟೇ ಹಾದುಹೋಗಿತ್ತು. ಇನ್ನೊಂದು ಕಡೆ ಕಡವೆ ಮೈ ಉಜ್ಜಿದ ಮರ. ದೂರದಲ್ಲೆಲ್ಲೋ ಕಾಡುಕುರಿಯೊಂದು ನಾಯಿ ಬೊಗಳಿದಂತೆ ಎರಡು ಸಲ ಕೂಗಿ ಸುಮ್ಮನಾಯಿತು. ಪುಸ್ತಕದಲ್ಲಿ 'ಕೇಳಿದ್ದು' ಎಂಬ ಭಾಗ ತುಂಬುತ್ತ ಹೋದಂತೆ ಬಾಲಕನ ಮುಖ ಚಿಕ್ಕದಾಗುತ್ತ ಹೋಯಿತು. "ಈ ಕಾಡಿನಲ್ಲಿ ಒಟ್ಟು ಎಷ್ಟು ಪ್ರಾಣಿಗಳಿವೆ ಎಂದು ಎಣಿಸುವುದು ಹೇಗೆ? ಕಾಣುವುದೇ ಇಲ್ಲವಲ್ಲ!"

ಪ್ರಶ್ನೆ ಹುಡುಗನದಾದರೂ ವಿಜ್ಞಾನಿಗಳನ್ನು ಬಹುಕಾಲ ಕಾಡಿದ್ದು ಅದೇ. ಸೆರೆಂಗೆಟಿಯಲ್ಲಿ ಜರ್ಮನಿಯ ಬರ್ನ್‌ಹಾರ್ಡ್ ಗ್ರ್ಝಿಮೆಕ್ ಮತ್ತು ಅವರ ಮಗ ಮೈಕೇಲ್ ಪಟ್ಟೆಕುದುರೆಯಂತೆ ಬಣ್ಣ ಬಳಿದ ಸಣ್ಣ ವಿಮಾನದಲ್ಲಿ ಹಾರಾಡಿ ಮೃಗಗಳನ್ನು ಎಣಿಸಿದರು. 1959ರ ಜನವರಿಯಲ್ಲಿ ಆ ವಿಮಾನವೇ ಉರುಳಿ ಮಗ ತೀರಿಕೊಂಡನು. ತಂದೆ ಕೆಲಸವನ್ನು ಪೂರೈಸಿದರು. ಸಹ್ಯಾದ್ರಿಯ ಮೇಲೆ ವಿಮಾನ ಹಾರಿಸಿದರೆ ಹಸುರು ಕಂಬಳಿಯ ಹೊರತು ಬೇರೇನೂ ಕಾಣದು. ಕಾಡಿನ ಹುಲಿಗಳನ್ನು ಎಣಿಸುವ ಉಪಾಯವನ್ನು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ರೂಢಿಗೆ ತಂದವರು ಡಾ. ಉಲ್ಲಾಸ ಕಾರಂತರು. ದಾರಿಯ ಬದಿಯಲ್ಲಿ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾಗಳನ್ನಿಟ್ಟು, ಮನುಷ್ಯನ ಬೆರಳಚ್ಚಿನಂತೆ ಒಂದೊಂದು ಹುಲಿಗೂ ಬೇರೆಯಾಗಿರುವ ಪಟ್ಟೆಗಳಿಂದ ಅವನ್ನು ಗುರುತಿಸಿ, ಗಣಿತದ ಸೂತ್ರದಿಂದ ಸಂಖ್ಯೆಯನ್ನು ಅಂದಾಜು ಮಾಡುವ ಕ್ರಮ ಅದು. ಅವರ ತಂದೆ ಶಿವರಾಮ ಕಾರಂತರು ಹುಟ್ಟಿದ್ದು ಇಲ್ಲಿಂದ ದಕ್ಷಿಣಕ್ಕಿರುವ ಕೋಟದಲ್ಲಿ, 1902ರಲ್ಲಿ. ಈ ಸಂಬಂಧವನ್ನು ಅಜ್ಜಯ್ಯ ಸ್ವಲ್ಪ ಹೆಮ್ಮೆಯಿಂದಲೇ ವಿವರಿಸಿದರು. ಬಾಲಕ ಪಟ್ಟೆಗಳ ವಿಷಯವನ್ನು ಮಾತ್ರ ಬರೆದುಕೊಂಡನು.

ಮಧ್ಯಾಹ್ನ ಬಂಡೆಯ ಮೇಲೆ ಕುಳಿತು ಅವಲಕ್ಕಿ, ಮೊಸರು, ಉಪ್ಪಿನಕಾಯಿಯ ಊಟ. ಬೆಂಕಿ ಹಚ್ಚುವಂತಿಲ್ಲ, ಎಲೆಯ ಹೊರತು ಏನನ್ನೂ ಬಿಸಾಡುವಂತಿಲ್ಲ. ಮಾತು ಕಾಳಿಂಗ ಸರ್ಪದ ಕಡೆಗೆ ಹೊರಳಿತು. ಘಟ್ಟದ ಮೇಲಿನ ಆಗುಂಬೆಯಲ್ಲಿ ರೋಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಲು ಈ ಹಾವೇ ಕಾರಣ. ತರಗೆಲೆಗಳನ್ನು ಒಟ್ಟುಗೂಡಿಸಿ ಗೂಡು ಕಟ್ಟಿ ಮೊಟ್ಟೆಯಿಡುವ ಹಾವು ಇದೊಂದೇ. ಸೋಜಿಗದ ಸಂಗತಿಯೆಂದರೆ, ಏಷ್ಯದ ಉದ್ದಗಲಕ್ಕೂ ಒಂದೇ ಜಾತಿಯೆಂದು ಭಾವಿಸಲಾಗಿದ್ದ ಈ ಹಾವುಗಳಲ್ಲಿ ನಾಲ್ಕು ಜಾತಿಗಳಿವೆಯೆಂದು 2024ರಲ್ಲಿ ಗೌರಿಶಂಕರ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಪಶ್ಚಿಮಘಟ್ಟದ ಜಾತಿಗೆ ಶಾಸ್ತ್ರೀಯವಾಗಿ 'ಓಫಿಯೋಫೇಗಸ್ ಕಾಳಿಂಗ' ಎಂಬ ಹೆಸರನ್ನಿಟ್ಟರು. ನಮ್ಮ ಅಜ್ಜಿಯರು ಕರೆಯುತ್ತಿದ್ದ ಹೆಸರೇ ಈಗ ಲೋಕದ ವಿಜ್ಞಾನಗ್ರಂಥಗಳಿಗೆ ಸೇರಿದೆ. ಅಂದು ಕಾಳಿಂಗನೇನೂ ಕಾಣಿಸಲಿಲ್ಲ. ತಾಯಿಗೆ ಅದರಿಂದ ದುಃಖವಾದಂತೆ ತೋರಲಿಲ್ಲ.

ಮೂರು ಗಂಟೆಯ ಸುಮಾರಿಗೆ, ರಸ್ತೆಯ ಕಡೆಗೆ ಮರಳುತ್ತಿರುವಾಗ, ಕಣಿವೆಯ ಆಚೆಯಿಂದ ಒಂದು ಕೂಗು ಎದ್ದಿತು. "ಹೂ... ಹೂ... ಹೂ" ಎಂದು ಆಳದಿಂದ ಏರಿಬಂದ ಸ್ವರ. ಕಾವಲುಗಾರರು ಥಟ್ಟನೆ ನಿಂತರು. "ಸಿಂಗಳೀಕ. ಗಂಡ್."

ಸಿಂಗಳೀಕವೆಂದರೆ ಜಗತ್ತಿನಲ್ಲಿ ಪಶ್ಚಿಮಘಟ್ಟದ ಹೊರತು ಇನ್ನೆಲ್ಲಿಯೂ ಹುಟ್ಟದ ಪ್ರಾಣಿ. ಕಪ್ಪು ಮೈ, ಮುಖದ ಸುತ್ತ ಬೆಳ್ಳಿಯ ಬಣ್ಣದ ಕೇಸರ, ಬಾಲದ ತುದಿಯಲ್ಲಿ ಸಿಂಹಕ್ಕಿರುವಂತಹ ಕುಚ್ಚು. ಕರ್ನಾಟಕ, ಕೇರಳ, ತಮಿಳುನಾಡು ಮೂರೂ ಸೇರಿ ಕಾಡಿನಲ್ಲಿ ಉಳಿದಿರುವುದು ಸುಮಾರು ನಾಲ್ಕು ಸಾವಿರವೆಂದು ಅಂದಾಜು. ಮಾರಾವನ್ನು ದಾಟುವ ವಿಲ್ಡೆಬೀಸ್ಟ್‌ಗಳ ಒಂದು ಹಿಂಡಿಗೂ ಈ ಸಂಖ್ಯೆ ಸಾಟಿಯಾಗದು. ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಅಣೆಕಟ್ಟು ಕಟ್ಟಹೊರಟಾಗ ಎದ್ದ ಚಳವಳಿಗೆ ಈ ಪ್ರಾಣಿಯೇ ಲಾಂಛನವಾಗಿತ್ತು. 1983ರಲ್ಲಿ ಆ ಯೋಜನೆಯನ್ನು ಕೈಬಿಡಲಾಯಿತು. ನಮ್ಮಲ್ಲಿ ಅಘನಾಶಿನಿಯ ಕೊಳ್ಳವನ್ನು 2011ರಲ್ಲಿ ಸಿಂಗಳೀಕಗಳಿಗೆಂದೇ ಸಂರಕ್ಷಿತ ಪ್ರದೇಶವನ್ನಾಗಿ ಮಾಡಲಾಯಿತು. 2019ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯಕ್ಕೂ ಅದರ ಹೆಸರು ಬಂತು.

ಅದರ ಕಷ್ಟವೆಲ್ಲ ಅದರ ಸ್ವಭಾವದಲ್ಲಿಯೇ ಇದೆ. ಅದು ಮರದ ಪ್ರಾಣಿ. ಊಟ, ನಿದ್ರೆ, ಪ್ರಯಾಣ ಎಲ್ಲವೂ ಬಹುಮಟ್ಟಿಗೆ ನೆತ್ತಿಯಲ್ಲೇ. ಹಲಸು, ಹೆಬ್ಬಲಸು, ಅತ್ತಿಯ ಜಾತಿಯ ಹಣ್ಣುಗಳು, ಜೊತೆಗೆ ಹುಳುಹುಪ್ಪಟೆ ಅದರ ಆಹಾರ. ಮಳೆಗಾಲದಲ್ಲಿ ಉಪ್ಪಾಗೆಯ ಹಣ್ಣು ಅದಕ್ಕೂ ಬೇಕು, ನಮಗೂ ಬೇಕು: ಸಿಪ್ಪೆ ಒಣಗಿಸಿದರೆ ಮೀನಿನ ಸಾರಿಗೆ ಹುಳಿ, ಬೀಜದಿಂದ ಉಪ್ಪಾಗೆ ತುಪ್ಪ. ಈಗ ಬೊಜ್ಜು ಕರಗಿಸುವ ಮದ್ದಿಗೆಂದು ಅದರ ಸಿಪ್ಪೆ ದೂರದೇಶಗಳಿಗೂ ಹೋಗುತ್ತದೆ. ಪಟ್ಟಣದವರ ಬೊಜ್ಜಿನ ಪರಿಹಾರಕ್ಕೆ ಕಾಡಿನ ಕೋತಿ ಉಪವಾಸ ಬೀಳಬೇಕಾಗಿ ಬಂದರೆ ಅದಕ್ಕಿಂತ ವಿಚಿತ್ರವಾದ ವ್ಯಾಪಾರ ಇನ್ನೊಂದಿರಲಾರದು. ಹೆಣ್ಣು ಒಂದು ಸಲಕ್ಕೆ ಒಂದೇ ಮರಿಯನ್ನು ಹೆರುತ್ತದೆ, ಅದೂ ವರ್ಷಗಳ ಅಂತರದಲ್ಲಿ. ಹೀಗಾಗಿ ಒಂದು ಪ್ರಾಣ ಹೋದರೆ ಗುಂಪು ಬೇಗ ಚೇತರಿಸಿಕೊಳ್ಳದು.

ರಸ್ತೆ ತಲುಪುವಷ್ಟರಲ್ಲಿ ಎದುರಿನ ಮರಗಳಲ್ಲಿ ಕೊಂಬೆಗಳು ತೊನೆಯತೊಡಗಿದ್ದವು. ಗಾಳಿಯಿರಲಿಲ್ಲ. ಮೊದಲು ಒಂದು ಕುಚ್ಚಿನ ಬಾಲ, ಆಮೇಲೆ ಎಲೆಗಳ ನಡುವೆ ಬಿಳಿಯ ಚೌಕಟ್ಟಿನೊಳಗಿನ ಗಂಭೀರವಾದ ಕಪ್ಪು ಮುಖ. ಬಾಲಕ ಉಸಿರು ಬಿಗಿಹಿಡಿದು ಎಣಿಸಿದನು. ಹನ್ನೆರಡು, ಹದಿಮೂರು. ಅವುಗಳಿಗೆ ರಸ್ತೆಯನ್ನು ದಾಟಬೇಕಾಗಿತ್ತು. ಆ ಸ್ಥಳದಲ್ಲಿ ಎರಡು ಬದಿಯ ಮರಗಳು ಒಂದೇ ಒಂದು ಕಡೆ, ಒಂದು ಹಳೆಯ ಮರದ ಚಾಚಿದ ಕೊಂಬೆಯಲ್ಲಿ, ಪರಸ್ಪರ ಮುಟ್ಟುತ್ತಿದ್ದವು. ಗಂಡು ಮೊದಲು ಹಾರಿತು. ಹಿಂದಿನಿಂದ ಒಂದೊಂದಾಗಿ ಉಳಿದವು. ಒಂದು ತಾಯಿ ಹೊಟ್ಟೆಗೆ ಮರಿಯನ್ನು ಅವಚಿಕೊಂಡು ಕೊಂಬೆಯ ತುದಿಯಲ್ಲಿ ಬಹಳ ಹೊತ್ತು ಕುಳಿತು, ಆಚೆಯ ರೆಂಬೆಯನ್ನು ಕಣ್ಣಿನಿಂದಲೇ ಅಳೆದು, ಕೊನೆಗೆ ಹಾರಿ ಹಿಡಿಯಿತು.

ಆಗ ಕೊಲ್ಲೂರಿನ ಕಡೆಯಿಂದ ಬಂದ ಕಾರೊಂದು ನಿಂತಿತು. ಅದರಲ್ಲಿದ್ದವರು ಕೆಟ್ಟವರಲ್ಲ, ಸಂತೋಷದಿಂದ ಕೂಗಿದರು, ಪ್ರಸಾದದ ಬಾಳೆಹಣ್ಣನ್ನು ರಸ್ತೆಗೆ ಎಸೆದರು. ದಾಟದೆ ಉಳಿದಿದ್ದ ಎಳೆಯದೊಂದು ಸಿಂಗಳೀಕ ಕಾಂಡವನ್ನು ಹಿಡಿದು ಸರಸರನೆ ಕೆಳಗಿಳಿದು ಡಾಂಬರಿನ ಮೇಲೆ ಬಂತು. ಅದೇ ಸಮಯಕ್ಕೆ ಮೇಲಿನ ತಿರುವಿನಲ್ಲಿ ಬಸ್ಸಿನ ಹಾರ್ನು. ಮೇಲಿದ್ದ ಗುಂಪು ಚೀರಿತು. ಕಾವಲುಗಾರರು ಹೆಗಲ ಮೇಲಿನ ಬೈರಾಸನ್ನು ಬೀಸುತ್ತ ರಸ್ತೆಯ ನಟ್ಟನಡುವೆ ಓಡಿದರು. ಅಜ್ಜಯ್ಯ ಮೊಮ್ಮಗನ ರಟ್ಟೆಯನ್ನು ಹಿಡಿದುಕೊಂಡರು. ಬಸ್ಸಿನ ಚಕ್ರಗಳು ಕಿರುಗುಟ್ಟಿ, ಕಾವಲುಗಾರರಿಂದ ಎರಡು ಮಾರು ದೂರದಲ್ಲಿ ನಿಂತವು. ಎಳೆಯದು ಹಣ್ಣನ್ನು ಅಲ್ಲಿಯೇ ಬಿಟ್ಟು ಮರವನ್ನೇರಿ ಮರೆಯಾಯಿತು. ಆದರೆ ಅದು ಏರಿದ್ದು ಬಂದ ಬದಿಯ ಮರವನ್ನು. ಗುಂಪು ಆಚೆಯ ಬದಿಯಲ್ಲಿತ್ತು.

ಕಾವಲುಗಾರರು ಕಾರಿನವರನ್ನು ಬೈಯಲಿಲ್ಲ. ಬಾಳೆಹಣ್ಣನ್ನು ಹೆಕ್ಕಿ ಅವರ ಕೈಗೇ ಕೊಟ್ಟು, "ಒಂದ್ ಹಣ್ಣಿಗೆ ಒಂದ್ ಜೀವ ಹೋತಿತ್ತ್ ಮಾರಾಯ್ರೆ" ಎಂದಷ್ಟೇ ಹೇಳಿದರು. ಕಾರು ಮೌನವಾಗಿ ಹೊರಟುಹೋಯಿತು. ಇವರು ಮಾತ್ರ ರಸ್ತೆಯಿಂದ ದೂರ ಸರಿದು ನಿಂತರು. ಇಪ್ಪತ್ತೈದು ನಿಮಿಷ. ಆಚೆಯ ಬದಿಯಿಂದ ಗಂಡು ಎರಡು ಸಲ ಕೂಗಿತು. ಎಳೆಯದು ಹಳೆಯ ಮರದ ಕೊಂಬೆಯ ತುದಿಗೆ ಬಂತು, ಹಿಂದೆ ಸರಿಯಿತು, ಮತ್ತೆ ಬಂತು. ಮೂರನೆಯ ಸಲ ಹಾರಿತು.

"ಆ ಕೊಂಬೆಯನ್ನು ಕಡಿದರೆ?" ಎಂದು ಬಾಲಕ ಕೇಳಿದನು.

ತಮಿಳುನಾಡಿನ ವಾಲ್ಪಾರೆಯಲ್ಲಿ ಹೀಗೆ ಮರಗಳ ನಂಟು ತಪ್ಪಿದ ಕಡೆಗಳಲ್ಲಿ ರಸ್ತೆಯ ಮೇಲೆ ಅಗ್ನಿಶಾಮಕದ ಹಳೆಯ ಕೊಳವೆಗಳಿಂದ ತೂಗುಸೇತುವೆಗಳನ್ನು ಕಟ್ಟಿದ್ದಾರೆಂದೂ, ಸಿಂಗಳೀಕಗಳು ಅವನ್ನು ಬಳಸುತ್ತವೆಂದೂ ತಂದೆ ಎಲ್ಲೋ ಓದಿದ್ದನ್ನು ಹೇಳಿದರು. ಕಾವಲುಗಾರರು ಆಸಕ್ತಿಯಿಂದ ಕೇಳಿಕೊಂಡರು. ಸೇತುವೆ ಒಳ್ಳೆಯದೇ, ಆದರೆ ಅದನ್ನು ವರ್ಷವರ್ಷವೂ ಯಾರಾದರೂ ನೋಡಿಕೊಳ್ಳಬೇಕು. ಕೊಂಬೆಯನ್ನಾದರೆ ಮರವೇ ನೋಡಿಕೊಳ್ಳುತ್ತದೆ ಎಂಬುದು ಅವರ ಅಭಿಪ್ರಾಯವಾಗಿತ್ತು. ವಿದ್ಯುತ್ತಿನ ತಂತಿಗೆ ತಾಗುತ್ತದೆಂದೋ ರಸ್ತೆಗೆ ಅಗಲ ಸಾಲದೆಂದೋ ಇಂತಹ ಕೊಂಬೆಗಳು ಎಲ್ಲ ಕಾಡುರಸ್ತೆಗಳಲ್ಲಿಯೂ ಬೀಳುತ್ತಿರುತ್ತವೆ. ಕಡಿಯುವವರಿಗೆ ಅದು ಅರ್ಧ ಗಂಟೆಯ ಕೆಲಸ.

ಹಿಂದಿರುಗುವಾಗ ತಂದೆ ಕಾರನ್ನು ಎತ್ತಿನ ಗಾಡಿಯಷ್ಟು ನಿಧಾನವಾಗಿ ನಡೆಸಿದರು. ಹಿಂದಿನಿಂದ ಬಂದವರೆಲ್ಲ ಹಾರ್ನು ಬಾರಿಸಿ ಮುಂದೆ ಹೋದರು. ಶಿರೂರು ತಲುಪಿದಾಗ ಕತ್ತಲಾಗಿತ್ತು. ಅಜ್ಜಿ ಯಾರನ್ನೂ ಮನೆಯೊಳಗೆ ಸೇರಿಸಲಿಲ್ಲ. ಬಟ್ಟೆಗಳನ್ನೆಲ್ಲ ಹೊರಗೇ ಬಿಚ್ಚಿಸಿ ಕುದಿಯುವ ನೀರಿಗೆ ಹಾಕಿ, ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಒಬ್ಬೊಬ್ಬರನ್ನೇ ಮೀಯಿಸಿ, ಲಾಟೀನಿನಂತೆ ಟಾರ್ಚು ಹಿಡಿದು ಕಿವಿಯ ಹಿಂಭಾಗವನ್ನೂ ಮೊಣಕಾಲ ಸಂದನ್ನೂ ಪರೀಕ್ಷಿಸಿದರು. ಉಣ್ಣಿ ಸಿಕ್ಕಿದ್ದು ಎರಡು, ಎರಡೂ ಅಜ್ಜಯ್ಯನ ಕಾಲುಚೀಲದಲ್ಲಿ. ಬಾಲಕ ಅವನ್ನು 'ಕಂಡದ್ದು' ಎಂಬ ಭಾಗದಲ್ಲಿ ಬರೆದುಕೊಂಡನು.